ಬಸಿರಾದ ಮೇಲೆ ಫಿಟ್ಸ್ ಮಾತ್ರೆ ಬಿಡಬೇಕಾ?

ಪ್ರಶ್ನೆ: ನನಗೆ 27 ವರ್ಷ. 16ನೇ ವಯಸ್ಸಿನಿಂದ ಫಿಟ್ಸ್ ಇದೆ. ಮೊದಲು ವಾಲ್‌ಪ್ರೊಯೇಟ್ ಮಾತ್ರೆ ತೆಗೆದುಕೊಳ್ಳುತ್ತಿದ್ದೆ. ಮದುವೆ ನಿಶ್ಚಯವಾದಾಗ ಡಾಕ್ಟರ್ ಅದನ್ನು ನಿಧಾನವಾಗಿ ನಿಲ್ಲಿಸಿ ಲ್ಯಾಮೊಟ್ರಿಜಿನ್ ಶುರು ಮಾಡಿದರು. ಮೂರು ವರ್ಷದಿಂದ ಬೆಳಗ್ಗೆ 100, ರಾತ್ರಿ 100 ಮಿಲಿಗ್ರಾಂ. ಕೊನೆಯ ಸಲ ಫಿಟ್ಸ್ ಬಂದು 14 ತಿಂಗಳಾಯಿತು. ಅದೂ ಪ್ರಯಾಣದಲ್ಲಿ ಎರಡು ದಿನ ಮಾತ್ರೆ ತಪ್ಪಿಹೋದಾಗ. ಈಗ ಒಂಬತ್ತು ವಾರದ ಗರ್ಭಿಣಿ. "ಇಷ್ಟು ದಿನ ಬಂದಿಲ್ಲವಲ್ಲ, ಇನ್ನು ಯಾಕೆ ಆ ಮಾತ್ರೆ? ಮಗುವಿಗೆ ಅಂಗ ಊನ ಆಗುತ್ತೆ" ಎಂದು ಅತ್ತೆ ದಿನವೂ ಹೇಳುತ್ತಾರೆ. ನನಗೂ ಹೆದರಿಕೆಯಾಗಿ ಐದು ದಿನದಿಂದ ಬೆಳಗಿನ ಮಾತ್ರೆ ಬಿಟ್ಟಿದ್ದೇನೆ. ರಾತ್ರಿಯದು ಮಾತ್ರ ನುಂಗುತ್ತಿದ್ದೇನೆ. ಗಂಡನಿಗೆ ಇದು ಗೊತ್ತಿಲ್ಲ. ಜೊತೆಗೆ ವಾಂತಿ ಬೇರೆ. ಮಾತ್ರೆ ಪೂರ್ತಿ ಬಿಡಬಹುದಾ? ಈಗಾಗಲೇ ಮಗುವಿಗೆ ತೊಂದರೆ ಆಗಿರಬಹುದಾ? ಸಿಸೇರಿಯನ್ನೇ ಆಗಬೇಕಾ? ಎದೆಹಾಲು ಕೊಡಬಹುದಾ? ನನ್ನ ಕಾಯಿಲೆ ಮಗುವಿಗೂ ಬರುತ್ತಾ?

ಉತ್ತರ: ಮೊದಲು ಮಾತ್ರೆ ವಿಷಯ ಮುಗಿಸೋಣ. ಇವತ್ತು ರಾತ್ರಿಯದನ್ನು ಎಂದಿನಂತೆ ನುಂಗಿ. ನಾಳೆಯಿಂದ ಬೆಳಗಿನದನ್ನೂ ಶುರು ಮಾಡಿ. ನಾಳೆಯೇ ನಿಮ್ಮ ನರರೋಗದ ಡಾಕ್ಟರಿಗೆ ಫೋನ್ ಮಾಡಿ, ಐದು ದಿನ ಅರ್ಧ ಡೋಸಿನಲ್ಲಿ ಇದ್ದೆ ಎಂದು ತಿಳಿಸಿ. ಬೈಯುತ್ತಾರೆ ಅಂತ ಮುಚ್ಚಿಡಬೇಡಿ. ಬೈದರೆ ಒಂದು ನಿಮಿಷದ ಮಾತು, ಅಷ್ಟೇ. ಗಂಡನಿಗೂ ಇವತ್ತೇ ಹೇಳಿ.

ನೀವು ಪೂರ್ತಿ ಬಿಟ್ಟಿಲ್ಲ, ಅದೇ ಪುಣ್ಯ. ಲ್ಯಾಮೊಟ್ರಿಜಿನ್‌ಗೆ ಒಂದು ವಿಚಿತ್ರ ಗುಣ ಇದೆ. ಐದಾರು ದಿನ ಪೂರ್ತಿ ನಿಲ್ಲಿಸಿ ಮತ್ತೆ ಒಂದೇ ಸಲ ಹಳೇ ಡೋಸ್ ನುಂಗಿದರೆ ಮೈಮೇಲೆ ಗುಳ್ಳೆ ಏಳಬಹುದು. ಕೆಲವೊಮ್ಮೆ ಬಾಯಿ, ಕಣ್ಣು, ಚರ್ಮವೆಲ್ಲ ಸುಲಿದು ಆಸ್ಪತ್ರೆ ಸೇರುವ ಹಂತಕ್ಕೂ ಹೋಗುತ್ತದೆ. ಹಾಗಾಗಿ ಹೀಗೆ ಪೂರ್ತಿ ಬಿಟ್ಟವರು ಮತ್ತೆ ಸಣ್ಣ ಡೋಸಿನಿಂದ, ವಾರಗಟ್ಟಲೆ ಸಮಯ ಕೊಟ್ಟು ಏರಿಸಿಕೊಂಡು ಬರಬೇಕು. ಅಷ್ಟು ದಿನ ಫಿಟ್ಸ್‌ಗೆ ತಡೆ ಇರುವುದಿಲ್ಲ. ಇದನ್ನು ಓದುತ್ತಿರುವ ಇನ್ಯಾರಾದರೂ ಈ ಮಾತ್ರೆಯನ್ನು ಪೂರ್ತಿ ನಿಲ್ಲಿಸಿದ್ದರೆ ತಾವೇ ಶುರು ಮಾಡಬೇಡಿ, ಡಾಕ್ಟರನ್ನು ಕೇಳಿಯೇ ಶುರು ಮಾಡಿ.

ಈಗ ನಿಮ್ಮ ಭಯದ ವಿಷಯಕ್ಕೆ ಬರೋಣ. ನಿಮ್ಮ ಅತ್ತೆ ಹೇಳುವುದು ಪೂರ್ತಿ ಸುಳ್ಳಲ್ಲ. ಫಿಟ್ಸ್ ಮಾತ್ರೆಗಳು ತಾಯಿಯ ರಕ್ತದಿಂದ ಮಗುವಿನ ರಕ್ತಕ್ಕೆ ಹೋಗುತ್ತವೆ. ಅವುಗಳಲ್ಲಿ ಕೆಲವು ಮಗುವಿಗೆ ಕೆಡುಕು ಮಾಡುತ್ತವೆ ಎನ್ನುವುದೂ ನಿಜ. ಎಡವುವುದು ಎಲ್ಲಿ ಅಂದರೆ, ಎಲ್ಲ ಫಿಟ್ಸ್ ಮಾತ್ರೆಗಳನ್ನೂ ಒಂದೇ ಚೀಲಕ್ಕೆ ಹಾಕುವುದರಲ್ಲಿ. ಯಾವ ಮಾತ್ರೆ, ಎಷ್ಟು ಡೋಸ್, ಎಷ್ಟನೇ ವಾರ ಎನ್ನುವ ಮೂರು ಪ್ರಶ್ನೆಗೆ ಉತ್ತರ ಇಲ್ಲದೆ "ಮಾತ್ರೆ ಕೆಟ್ಟದ್ದು" ಅಂದರೆ ಅದಕ್ಕೆ ಅರ್ಥವೇ ಇಲ್ಲ.

ಒಂದು ಕಾಲದಲ್ಲಿ ನಾವು ಡಾಕ್ಟರುಗಳೂ ಅಂದಾಜಿನ ಮೇಲೇ ಮಾತಾಡುತ್ತಿದ್ದೆವು. 1990ರ ದಶಕದ ಕೊನೆಯಲ್ಲಿ ಪರಿಸ್ಥಿತಿ ಬದಲಾಯಿತು. ಉತ್ತರ ಅಮೆರಿಕ, ಬ್ರಿಟನ್, ಯುರೋಪ್, ನಮ್ಮ ಪಕ್ಕದ ಕೇರಳ, ಹೀಗೆ ಬೇರೆ ಬೇರೆ ಕಡೆ ಫಿಟ್ಸ್ ಇರುವ ಗರ್ಭಿಣಿಯರ ದಾಖಲೆ ಪುಸ್ತಕಗಳು ಶುರುವಾದವು. ಯಾರು ಯಾವ ಮಾತ್ರೆಯಲ್ಲಿದ್ದರು, ಮಗು ಹೇಗೆ ಹುಟ್ಟಿತು ಎಂದು ಒಂದೊಂದಾಗಿ ಬರೆದಿಡುತ್ತಾ ಹೋದರು. ಯುರಾಪ್ ಎನ್ನುವ ಅಂತರರಾಷ್ಟ್ರೀಯ ದಾಖಲೆಯಲ್ಲಿ 42 ದೇಶಗಳ 7,355 ಗರ್ಭಧಾರಣೆಗಳ ಲೆಕ್ಕ 2018ರಲ್ಲಿ ಹೊರಬಂತು. ನನ್ನ ಮೇಜಿನ ಗಾಜಿನ ಕೆಳಗೆ ಆ ಅಂಕಿಗಳ ಚೀಟಿ ಈಗಲೂ ಇದೆ. ಬಂದವರಿಗೆಲ್ಲ ತೋರಿಸಿ ತೋರಿಸಿ ಅಂಚು ಕಪ್ಪಾಗಿದೆ.

ಆ ಚೀಟಿಯಲ್ಲಿ ಇರುವುದು ಇಷ್ಟು. ಯಾವ ಕಾಯಿಲೆಯೂ ಇಲ್ಲದ, ಯಾವ ಮಾತ್ರೆಯನ್ನೂ ನುಂಗದ 100 ತಾಯಂದಿರನ್ನು ತೆಗೆದುಕೊಂಡರೂ ಎರಡು ಮೂರು ಮಕ್ಕಳಿಗೆ ಹುಟ್ಟುವಾಗಲೇ ಏನಾದರೊಂದು ದೊಡ್ಡ ನ್ಯೂನತೆ ಇರುತ್ತದೆ. ಇದು ಪ್ರಕೃತಿಯ ಲೆಕ್ಕ. ಲ್ಯಾಮೊಟ್ರಿಜಿನ್ ಒಂದನ್ನೇ ತೆಗೆದುಕೊಂಡವರಲ್ಲಿ ಇದು 100ಕ್ಕೆ 2.9. ಲೆವೆಟಿರಾಸೆಟಮ್‌ನಲ್ಲಿ 2.8, ಆಕ್ಸ್‌ಕಾರ್ಬಜೆಪೈನ್‌ನಲ್ಲಿ 3. ಅಂದರೆ ಹೆಚ್ಚುಕಡಿಮೆ ಎಲ್ಲರಷ್ಟೇ. ಟೋಪಿರಾಮೇಟ್‌ನಲ್ಲಿ 3.9, ಕಾರ್ಬಮಜೆಪೈನ್‌ನಲ್ಲಿ 5.5. ಹಳೆಯ ಫೆನಿಟಾಯಿನ್ ಮತ್ತು ಫೀನೋಬಾರ್ಬಿಟೋನ್‌ನಲ್ಲಿ ಆರೂವರೆಯ ಹತ್ತಿರ. ವಾಲ್‌ಪ್ರೊಯೇಟ್‌ನಲ್ಲಿ 10.3.

ಡೋಸ್ ಕೂಡ ಮುಖ್ಯ. ಲ್ಯಾಮೊಟ್ರಿಜಿನ್ ದಿನಕ್ಕೆ 325 ಮಿಲಿಗ್ರಾಂ ಒಳಗಿದ್ದಾಗ 2.5, ಅದಕ್ಕಿಂತ ಜಾಸ್ತಿಯಾದಾಗ 4.3. ಗರ್ಭ ನಿಂತಾಗ ನೀವು 200ರಲ್ಲಿ ಇದ್ದಿರಿ. ಮದುವೆಗೆ ಮುಂಚೆಯೇ ನಿಮ್ಮ ಮಾತ್ರೆ ಬದಲಾಯಿಸಿದ ಡಾಕ್ಟರ್ ಇವತ್ತಿನ ದಿನವನ್ನು ಆಗಲೇ ಯೋಚಿಸಿದ್ದರು. ನಿಮ್ಮ ಅತ್ತೆಗೆ ಬೇಕಾದ ಎಚ್ಚರಿಕೆಯನ್ನು ಅವರು ಮೂರು ವರ್ಷ ಮುಂಚೆಯೇ ತೆಗೆದುಕೊಂಡಿದ್ದಾರೆ ಎಂದು ಮನೆಯಲ್ಲಿ ಹೇಳಿ.

ವಾರದ ಲೆಕ್ಕವನ್ನೂ ನೋಡಿ. ಮಗುವಿನ ಬೆನ್ನುಹುರಿಯ ಕೊಳವೆ ಗರ್ಭ ನಿಂತ 28 ದಿನದೊಳಗೆ ಮುಚ್ಚಿಕೊಂಡುಬಿಡುತ್ತದೆ. ಮುಟ್ಟಿನ ದಿನದಿಂದ ಎಣಿಸಿದರೆ ಆರನೇ ವಾರ. ಎಷ್ಟೋ ಮಂದಿಗೆ ಗರ್ಭಿಣಿ ಎಂದು ಖಾತ್ರಿಯಾಗುವುದೇ ಅಷ್ಟು ಹೊತ್ತಿಗೆ. ಹೃದಯದ ಮುಖ್ಯ ಕೋಣೆಗಳು, ತುಟಿ, ಇವೂ ಆ ಸುತ್ತಮುತ್ತಲೇ ರೂಪ ಪಡೆಯುತ್ತವೆ. ನೀವೀಗ ಒಂಬತ್ತನೇ ವಾರದಲ್ಲಿದ್ದೀರಿ. ಯಾವ ಹಂತಕ್ಕೆ ಹೆದರಿ ಮಾತ್ರೆ ಬಿಟ್ಟಿರೋ ಆ ಹಂತ ಬಹುಪಾಲು ದಾಟಿಹೋಗಿದೆ. ಈಗ ಬಿಟ್ಟರೆ ಮಗುವಿಗೆ ಸಿಗುವ ಲಾಭ ತೀರಾ ಕಡಿಮೆ. ನಷ್ಟದ ಬಾಗಿಲು ಮಾತ್ರ ಹಾರು ಹೊಡೆಯುತ್ತದೆ.

ಆ ನಷ್ಟ ಏನು ಅಂತ ಹೇಳಲೇಬೇಕು. ಕೈಕಾಲು ಬಿಗಿದು, ಜಗ್ಗಿ, ಪ್ರಜ್ಞೆ ತಪ್ಪುವ ದೊಡ್ಡ ಫಿಟ್ಸ್ ಬಂದಾಗ ತಾಯಿಯ ಉಸಿರಾಟ ಸ್ವಲ್ಪ ಹೊತ್ತು ಏರುಪೇರಾಗುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಹೊಟ್ಟೆಯೊಳಗಿನ ಮಗುವಿನ ಎದೆಬಡಿತವೂ ನಿಧಾನವಾಗುತ್ತದೆ. ಒಂದು ಫಿಟ್ಸ್ ಬಂದುಹೋದರೆ ಬಹುತೇಕ ಮಕ್ಕಳು ಚೇತರಿಸಿಕೊಳ್ಳುತ್ತವೆ, ಅದು ನಿಜ. ಆದರೆ ಬಿದ್ದ ಏಟು ಹೊಟ್ಟೆಗೆ ತಗುಲಿದರೆ? ಫಿಟ್ಸ್ ನಿಲ್ಲದೆ ಒಂದರ ಹಿಂದೆ ಒಂದು ಬಂದರೆ? ಆಗ ಇಬ್ಬರ ಜೀವಕ್ಕೂ ಅಪಾಯ. ರಾತ್ರಿ ನಿದ್ದೆಯಲ್ಲಿ ದೊಡ್ಡ ಫಿಟ್ಸ್ ಬಂದು, ಪಕ್ಕದಲ್ಲಿ ಯಾರೂ ಇಲ್ಲದೆ, ತಾಯಿ ಬೆಳಗ್ಗೆ ಏಳದೇ ಹೋದ ಉದಾಹರಣೆಗಳೂ ಇವೆ. ತೀರಾ ಅಪರೂಪ. ಆದರೆ ಮಾತ್ರೆ ಬಿಟ್ಟವರಲ್ಲಿ ಆ ಅಪಾಯ ಜಾಸ್ತಿ. ಕ್ಷಣ ಹೊತ್ತು ಮಂಕಾಗುವ, ಒಂದು ಕೈ ಮಾತ್ರ ಜಗ್ಗುವ ಸಣ್ಣ ಫಿಟ್ಸ್‌ನಿಂದ ಮಗುವಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಅದು ದೊಡ್ಡದಕ್ಕೆ ತಿರುಗದಂತೆ ನೋಡಿಕೊಳ್ಳಬೇಕು, ಅಷ್ಟೇ.

ಕೆಲವು ವರ್ಷಗಳ ಹಿಂದೆ ನನ್ನ ಬಳಿ ಬರುತ್ತಿದ್ದ ಒಬ್ಬಾಕೆ ಎರಡನೇ ತಿಂಗಳಲ್ಲಿ ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿದರು. ಆರನೇ ತಿಂಗಳವರೆಗೆ ಏನೂ ಆಗಲಿಲ್ಲ. ಮನೆಯವರಿಗೆಲ್ಲ ಇದೇ ಸರಿ ಅನ್ನಿಸಿತು. ಒಂದು ಬೆಳಗ್ಗೆ ಬಚ್ಚಲುಮನೆಯಲ್ಲಿ ಬಿದ್ದ ಸದ್ದಾಯಿತು. ಒಳಗಿನಿಂದ ಚಿಲಕ ಹಾಕಿತ್ತು. ಬಾಗಿಲು ಒಡೆಯುವ ಹೊತ್ತಿಗೆ ಆಕೆಯ ಭುಜದ ಕೀಲು ತಪ್ಪಿತ್ತು, ನಲ್ಲಿ ಇನ್ನೂ ಸುರಿಯುತ್ತಲೇ ಇತ್ತು. ಮುಖ ನೀರಿಗೆ ಬೀಳದೆ ಪಕ್ಕಕ್ಕೆ ತಿರುಗಿದ್ದರಿಂದ ಬದುಕಿದರು. ಮಗುವೂ ಉಳಿಯಿತು. ಆಮೇಲೆ ನಾನು ನೋಡುವ ಪ್ರತಿ ಗರ್ಭಿಣಿಗೂ ಮಾತ್ರೆಗಿಂತ ಮುಂಚೆ ಬಚ್ಚಲಿನ ಚಿಲಕದ ವಿಷಯ ಹೇಳುತ್ತೇನೆ. ಬಾಗಿಲು ಸುಮ್ಮನೆ ಮುಚ್ಚಿ, ಚಿಲಕ ಹಾಕಬೇಡಿ. ಕೂತು ಸ್ನಾನ ಮಾಡಿ. ಮನೆಯಲ್ಲಿ ಯಾರಾದರೂ ಇರುವಾಗಲೇ ಮಾಡಿ.

"ಇಷ್ಟು ದಿನ ಬಂದಿಲ್ಲವಲ್ಲ" ಅನ್ನುವ ಮಾತಿಗೂ ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. 14 ತಿಂಗಳ ಹಿಂದೆ ಎರಡೇ ದಿನ ಮಾತ್ರೆ ತಪ್ಪಿದ್ದಕ್ಕೆ ಬಂತು ಅಲ್ವಾ? ಬರದೇ ಇರುವುದು ಮಾತ್ರೆಯಿಂದ. ಇದರಲ್ಲಿ ಒಂದು ಒಳ್ಳೆಯ ಸುದ್ದಿಯೂ ಇದೆ. ಗರ್ಭ ನಿಲ್ಲುವ ಮುಂಚಿನ 9ರಿಂದ 12 ತಿಂಗಳು ಫಿಟ್ಸ್ ಇಲ್ಲದೆ ಕಳೆದವರಲ್ಲಿ 84ರಿಂದ 92 ಶೇಕಡಾ ಮಂದಿಗೆ ಗರ್ಭದ ಅವಧಿಯಲ್ಲೂ ಬರುವುದಿಲ್ಲ. ನೀವು ಆ ಗುಂಪಿನವರು. ಮಾತ್ರೆ ಸರಿಯಾಗಿ ತೆಗೆದುಕೊಂಡರೆ ಮಾತ್ರ.

ಇನ್ನೊಂದು ಮುಖ್ಯ ವಿಷಯ. ಮುಂದೆ ನಿಮ್ಮ ಡಾಕ್ಟರ್ ಡೋಸ್ ಏರಿಸಬಹುದು. ಮನೆಯಲ್ಲಿ ಗಾಬರಿ ಶುರುವಾಗುವುದೇ ಆಗ. "ಕಾಯಿಲೆ ಜಾಸ್ತಿ ಆಯ್ತು, ಮಾತ್ರೆ ಇನ್ನೂ ಜಾಸ್ತಿ ಮಾಡಿದರು" ಅಂತ. ನಿಜ ಏನೆಂದರೆ, ಬಸಿರಿನಲ್ಲಿ ಈಸ್ಟ್ರೊಜೆನ್ ಏರುತ್ತದೆ. ಅದು ಏರಿದಂತೆ ಲಿವರ್ ಲ್ಯಾಮೊಟ್ರಿಜಿನ್ ಅನ್ನು ಬೇಗ ಬೇಗ ಒಡೆದು ಹೊರಗೆ ಹಾಕುತ್ತದೆ. ಅದೇ ಮಾತ್ರೆ, ಅದೇ ಡೋಸ್, ಆದರೂ ರಕ್ತದಲ್ಲಿ ಸಿಗುವ ಮದ್ದು ಅರ್ಧಕ್ಕೂ ಇಳಿಯಬಹುದು. ಲೆವೆಟಿರಾಸೆಟಮ್‌ಗೂ ಹೀಗೇ ಆಗುತ್ತದೆ. ಅದನ್ನು ಹೊರಹಾಕುವುದು ಕಿಡ್ನಿ, ಬಸಿರಿನಲ್ಲಿ ಕಿಡ್ನಿ ಜೋರಾಗಿ ಕೆಲಸ ಮಾಡುತ್ತದೆ. ಇಳಿಯುವುದು ಮೊದಲ ಮೂರು ತಿಂಗಳಲ್ಲೇ ಶುರು. ಈಗ ಯೋಚಿಸಿ: ದೇಹ ತಾನಾಗಿ ಮದ್ದನ್ನು ಕಮ್ಮಿ ಮಾಡುತ್ತಿದೆ, ಅದರ ಮೇಲೆ ನೀವೂ ಅರ್ಧ ಮಾಡಿದಿರಿ. ಎರಡು ಕಡೆಯಿಂದಲೂ ಕತ್ತರಿ. ನಿಮ್ಮ ಪ್ರಶ್ನೆ ಓದಿದ ತಕ್ಷಣ ನನಗೆ ಕಳವಳ ಆಗಿದ್ದು ಇದಕ್ಕೇ.

ಅದಕ್ಕೆ ರಕ್ತದಲ್ಲಿ ಲ್ಯಾಮೊಟ್ರಿಜಿನ್ ಮಟ್ಟ ನೋಡುವ ಪರೀಕ್ಷೆ ಇದೆ. ಬಸಿರಾಗುವ ಮುಂಚಿನದು ಒಂದು ರಿಪೋರ್ಟ್ ಇದ್ದರೆ ತುಂಬಾ ಅನುಕೂಲ. ಹಳೇ ಫೈಲಿನಲ್ಲಿ ಹುಡುಕಿ. ಇಲ್ಲದಿದ್ದರೆ ಪೂರ್ತಿ ಡೋಸಿಗೆ ಮರಳಿ ಒಂದೆರಡು ವಾರವಾದ ಮೇಲೆ ಒಂದು ಮಾಡಿಸಿ, ಆಮೇಲೆ ತಿಂಗಳಿಗೊಮ್ಮೆ. ಬೆಳಗಿನ ಮಾತ್ರೆ ನುಂಗುವ ಮುಂಚೆ ರಕ್ತ ಕೊಡಬೇಕು, ಪ್ರತಿ ಸಲವೂ ಹಾಗೇ. ಮೊದಲಿದ್ದ ಮಟ್ಟದ 65 ಶೇಕಡಾಕ್ಕಿಂತ ಕೆಳಗೆ ಇಳಿದರೆ ಫಿಟ್ಸ್ ಬರುವ ಸಾಧ್ಯತೆ ಜಾಸ್ತಿ. ಡಾಕ್ಟರ್ ಡೋಸ್ ಏರಿಸುವುದು ಮಟ್ಟವನ್ನು ಹಳೇ ಜಾಗಕ್ಕೆ ತರುವುದಕ್ಕೆ. 2020ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಫಿಟ್ಸ್ ಇರುವ ಗರ್ಭಿಣಿಯರನ್ನೂ ಗರ್ಭಿಣಿಯರಲ್ಲದವರನ್ನೂ ಹೋಲಿಸಿದ್ದರು. ಫಿಟ್ಸ್ ಹೆಚ್ಚಾಗಿದ್ದು ಗರ್ಭಿಣಿಯರಲ್ಲಿ 23 ಶೇಕಡಾ, ಉಳಿದವರಲ್ಲಿ 25 ಶೇಕಡಾ. ವ್ಯತ್ಯಾಸವೇ ಇಲ್ಲ. ಆದರೆ ಗರ್ಭಿಣಿಯರಲ್ಲಿ 74 ಶೇಕಡಾ ಮಂದಿಗೆ ಡೋಸ್ ಬದಲಾಯಿಸಬೇಕಾಗಿತ್ತು, ಉಳಿದವರಲ್ಲಿ 31. ಡೋಸ್ ಸರಿಮಾಡುತ್ತಾ ಹೋದ ಮೇಲೆ ಬಂದ ಫಲಿತಾಂಶ ಅದು.

ವಾಂತಿಗೆ ಒಂದು ಉಪಾಯ. ದಿನದಲ್ಲಿ ಯಾವ ಹೊತ್ತು ಹೊಟ್ಟೆ ಶಾಂತವಾಗಿರುತ್ತದೋ ಗಮನಿಸಿ, ಮಾತ್ರೆಯ ಸಮಯವನ್ನು ಅಲ್ಲಿಗೆ ತಳ್ಳಿ. ಬೆಳಗ್ಗೆ ಏಳಕ್ಕೇ ನುಂಗಬೇಕು ಅಂತೇನಿಲ್ಲ, ಹತ್ತಕ್ಕೆ ಆದರೂ ನಡೆಯುತ್ತದೆ. ದಿನಾ ಅದೇ ಹೊತ್ತು ಇದ್ದರೆ ಸಾಕು. ನುಂಗಿದ ಕೂಡಲೇ ವಾಂತಿಯಾಗಿ ಮಾತ್ರೆ ಹೊರಗೆ ಬಂದರೆ ಮತ್ತೊಂದು ತೆಗೆದುಕೊಳ್ಳಬೇಕಾ ಎಂದು ಮೊದಲೇ ಡಾಕ್ಟರನ್ನು ಕೇಳಿ ಬರೆದಿಟ್ಟುಕೊಳ್ಳಿ. ವಾಂತಿ ಜೋರಾಗಿದ್ದರೆ ಸಹಿಸಿಕೊಂಡು ಕೂರಬೇಡಿ, ಅದಕ್ಕೆ ಗರ್ಭಿಣಿಯರಿಗೆ ಕೊಡುವ ಮಾತ್ರೆ ಇದೆ. ಇನ್ನೊಂದು ಮಾತು. ಬೆಳಗ್ಗೆ ಎದ್ದ ಕೂಡಲೇ ಕೈ ಚಕ್ಕನೆ ಜಗ್ಗುವುದು, ಕೈಯಲ್ಲಿದ್ದ ಲೋಟ ಹಾರಿ ಬೀಳುವುದು, ಹೀಗೇನಾದರೂ ಆಗುತ್ತಿದೆಯಾ? ನಿಮ್ಮಂತೆ ಹದಿನಾರರ ಹೊತ್ತಿಗೆ ಶುರುವಾಗುವ ಒಂದು ಬಗೆಯ ಫಿಟ್ಸ್‌ನಲ್ಲಿ ಇದು ಸಾಮಾನ್ಯ. ನಿದ್ದೆಗೆಟ್ಟಿದ್ದಕ್ಕೆ ಅಂತ ಎಷ್ಟೋ ಜನ ಹೇಳುವುದೇ ಇಲ್ಲ. ಅದು ದೊಡ್ಡದರ ಮುನ್ಸೂಚನೆ, ಕಂಡರೆ ತಿಳಿಸಿ.

ಫೋಲಿಕ್ ಆಸಿಡ್ ತೆಗೆದುಕೊಳ್ಳುತ್ತಿದ್ದೀರಾ? ಪ್ರಶ್ನೆಯಲ್ಲಿ ಬರೆದಿಲ್ಲ. ಫಿಟ್ಸ್ ಇರುವವರು ಗರ್ಭ ಬಯಸಿದ ದಿನದಿಂದಲೇ ಅದನ್ನು ಶುರು ಮಾಡಬೇಕು. ಒಂದು ಅಧ್ಯಯನದಲ್ಲಿ ಬಸಿರಿನ ಮುಂಚಿನಿಂದ ಫೋಲಿಕ್ ಆಸಿಡ್ ತೆಗೆದುಕೊಂಡ ತಾಯಂದಿರ ಮಕ್ಕಳ ಐಕ್ಯೂ ಆರನೇ ವಯಸ್ಸಿನಲ್ಲಿ ಸರಾಸರಿ 108, ತೆಗೆದುಕೊಳ್ಳದವರದು 101 ಇತ್ತು. ಕನಿಷ್ಠ ದಿನಕ್ಕೆ 0.4 ಮಿಲಿಗ್ರಾಂ ಅಂತ ಎಲ್ಲರೂ ಒಪ್ಪುತ್ತಾರೆ. ಅದಕ್ಕಿಂತ ಎಷ್ಟು ಎನ್ನುವುದರಲ್ಲಿ ಡಾಕ್ಟರುಗಳಲ್ಲೇ ಭಿನ್ನಾಭಿಪ್ರಾಯ ಇದೆ, 5 ಮಿಲಿಗ್ರಾಂ ಕೊಡುವವರೂ ಇದ್ದಾರೆ. ನಿಮ್ಮ ಡಾಕ್ಟರ್ ಹೇಳಿದಷ್ಟು ಸಾಕು. ಒಳ್ಳೇದು ಅಂತ ಸುಮ್ನೆ ಎರಡೆರಡು ನುಂಗಬೇಡಿ.

ನಿಮಗೆ ಸಂಬಂಧಿಸಿದ್ದಲ್ಲ, ಆದರೂ ವಾಲ್‌ಪ್ರೊಯೇಟ್ ಬಗ್ಗೆ ಬರೆಯದೆ ಮುಂದೆ ಹೋಗಲಾರೆ. ಇದನ್ನು ಓದುವವರಲ್ಲಿ ಆ ಮಾತ್ರೆಯ ಮೇಲಿರುವ ಹೆಣ್ಣುಮಕ್ಕಳು ಇದ್ದೇ ಇರುತ್ತಾರೆ. ಫಿಟ್ಸ್ ನಿಲ್ಲಿಸುವುದರಲ್ಲಿ ಅದು ಬಲವಾದ ಮದ್ದು. ಹದಿನಾರರ ಹೊತ್ತಿಗೆ ಶುರುವಾಗಿ ಬೆಳಗ್ಗೆ ಕೈ ಜಗ್ಗುವ ಬಗೆಯ ಫಿಟ್ಸ್‌ಗಂತೂ ಅದರಷ್ಟು ಚೆನ್ನಾಗಿ ಕೆಲಸ ಮಾಡುವುದು ಕಡಿಮೆ. ಅದಕ್ಕೇ ಬಿಡುವುದು ಕಷ್ಟ. ಅದಕ್ಕೂ ಬೆನ್ನುಹುರಿಯ ನ್ಯೂನತೆಗೂ ನಂಟಿದೆ ಎಂದು ಫ್ರಾನ್ಸ್‌ನಿಂದ ವರದಿ ಬಂದಿದ್ದು 1982ರಲ್ಲೇ. ಯುರಾಪ್ ಲೆಕ್ಕದಲ್ಲಿ ದಿನಕ್ಕೆ 650 ಮಿಲಿಗ್ರಾಂ ಒಳಗಿದ್ದರೂ 100ಕ್ಕೆ 6.3 ಮಕ್ಕಳಿಗೆ ನ್ಯೂನತೆ, 1,450 ದಾಟಿದರೆ 25. ಹೊರಗೆ ಕಾಣುವ ನ್ಯೂನತೆ ಇಲ್ಲದಿದ್ದರೂ ಮಗುವಿನ ಕಲಿಕೆ, ಮಾತು ಹಿಂದೆ ಬೀಳಬಹುದು. ಆಟಿಸಂ ಸಾಧ್ಯತೆಯೂ ಜಾಸ್ತಿ. ಆರು ವರ್ಷದ ಮಕ್ಕಳ ಐಕ್ಯೂ ಹೋಲಿಸಿದಾಗ ಲ್ಯಾಮೊಟ್ರಿಜಿನ್ ತೆಗೆದುಕೊಂಡವರ ಮಕ್ಕಳದು ಸರಾಸರಿ 108 ಇದ್ದರೆ ವಾಲ್‌ಪ್ರೊಯೇಟ್‌ನವರದು 97. ಮಗು ಬೇಕು ಅನ್ನುವವರಿಗೆ, ಮುಂದೆ ಬೇಕಾಗಬಹುದಾದ ಹುಡುಗಿಯರಿಗೆ, ಬೇರೆ ದಾರಿ ಇರುವಾಗ ಅದನ್ನು ಕೊಡಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಟೋಪಿರಾಮೇಟ್ ಬಗ್ಗೆಯೂ ಇತ್ತೀಚೆಗೆ ಇಂಥದೇ ಕಳವಳ ಎದ್ದಿದೆ. ಸೀಳುತುಟಿ, ಕಡಿಮೆ ತೂಕದ ಮಗು, ಇವು ಅದರಲ್ಲಿ ಮೊದಲಿನಿಂದಲೂ ಗೊತ್ತಿರುವ ತೊಂದರೆಗಳು.

ಆದರೆ ವಾಲ್‌ಪ್ರೊಯೇಟ್ ಮೇಲಿದ್ದು ಈಗಾಗಲೇ ಗರ್ಭಿಣಿಯಾದವರೂ ಅದನ್ನು ತಾವಾಗಿ ನಿಲ್ಲಿಸಬಾರದು. ಆ ವಾರದಲ್ಲೇ ಡಾಕ್ಟರನ್ನು ಕಾಣಬೇಕು. ದಾರಿ ಮೂರ್ನಾಲ್ಕು ಇವೆ, ಯಾವುದೂ ಸುಲಭದ್ದಲ್ಲ. ಡೋಸ್ ಇಳಿಸಬಹುದು. ಒಂದೇ ಸಲ ನುಂಗುವುದನ್ನು ಹಂಚಿ ನುಂಗಬಹುದು. ಬೇರೆ ಮಾತ್ರೆಗೆ ಬದಲಾಯಿಸಬಹುದು. ಲೆವೆಟಿರಾಸೆಟಮ್ ಬೇಗ ಏರಿಸಲು ಬರುತ್ತದೆ, ಲ್ಯಾಮೊಟ್ರಿಜಿನ್‌ಗೆ ವಾರಗಟ್ಟಲೆ ಬೇಕು. ಬದಲಾಯಿಸುವಷ್ಟು ದಿನ ಮಗುವಿಗೆ ಎರಡೂ ಮದ್ದು ತಗುಲುತ್ತದೆ, ತಾಯಿಗೆ ಫಿಟ್ಸ್ ಮರುಕಳಿಸುವ ಭಯವೂ ಇರುತ್ತದೆ. ಬೇರೆ ಯಾವ ಮಾತ್ರೆಗೂ ಫಿಟ್ಸ್ ನಿಂತೇ ಇಲ್ಲ ಅನ್ನುವವರಿಗೆ ಕಡಿಮೆ ಡೋಸಿನಲ್ಲಿ ಅದನ್ನೇ ಮುಂದುವರಿಸಿದ್ದೂ ಉಂಟು. ಯಾವ ಮಾತ್ರೆಯೇ ಆಗಲಿ, ತಿಂದಿದ್ದೇನೆ ಎಂಬ ಒಂದೇ ಕಾರಣಕ್ಕೆ ಗರ್ಭ ತೆಗೆಸುವ ಮಾತಿಗೆ ಹೋಗಬೇಡಿ. ಸ್ಕ್ಯಾನ್ ಆಗಲಿ, ನೋಡೋಣ.

ನಿಮ್ಮ ವಿಷಯದಲ್ಲಿ ಸ್ಕ್ಯಾನ್ ಅಂದರೆ 11ರಿಂದ 14 ವಾರದೊಳಗೆ ಒಂದು, ಆಮೇಲೆ 18ರಿಂದ 22 ವಾರದೊಳಗೆ ಮಗುವಿನ ಅಂಗಾಂಗವನ್ನೆಲ್ಲ ನಿಧಾನವಾಗಿ ನೋಡುವ ದೊಡ್ಡದೊಂದು. ಬೆನ್ನುಹುರಿ, ಹೃದಯ, ತುಟಿ ಅದರಲ್ಲಿ ಕಾಣುತ್ತವೆ. ಸ್ಕ್ಯಾನ್ ಮಾಡುವವರಿಗೆ ಯಾವ ಮಾತ್ರೆಯಲ್ಲಿದ್ದೀರಿ ಅಂತ ನೀವೇ ಹೇಳಿ. ಹೇಳಿದರೆ ಎಲ್ಲಿ ಜಾಸ್ತಿ ಹೊತ್ತು ನೋಡಬೇಕು ಅಂತ ಅವರಿಗೆ ಗೊತ್ತಾಗುತ್ತದೆ.

20ನೇ ವಾರದ ನಂತರ ಫಿಟ್ಸ್ ಬಂದರೆ "ಇದು ಅವಳ ಹಳೇ ಕಾಯಿಲೆ" ಅಂತ ಮನೆಯಲ್ಲೇ ಇಟ್ಟುಕೊಳ್ಳಬಾರದು. ಬಿಪಿ ಏರಿ ಬರುವ ಫಿಟ್ಸ್ ಬೇರೆ ಇದೆ, ಎಕ್ಲಾಂಪ್ಸಿಯಾ ಅಂತ. ನೋಡುವುದಕ್ಕೆ ಎರಡೂ ಒಂದೇ ತರಹ. ಚಿಕಿತ್ಸೆ ಪೂರ್ತಿ ಬೇರೆ, ಅದಕ್ಕೆ ಮೆಗ್ನೀಸಿಯಂ ಸಲ್ಫೇಟ್ ಚುಚ್ಚುಮದ್ದು ಬೇಕು. ಜೋರು ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈ ಊದಿಕೊಳ್ಳುವುದು ಕಂಡರೆ ಆಗಲೇ ಆಸ್ಪತ್ರೆಗೆ ಹೋಗಿ. ಫಿಟ್ಸ್ ಬಂದ ಹೊತ್ತಿನಲ್ಲಿ ಏನು ಮಾಡಬೇಕು ಅಂತ ಗಂಡನಿಗೂ ಅತ್ತೆಗೂ ಈಗಲೇ ಕಲಿಸಿ. ಎಡಮಗ್ಗುಲಿಗೆ ತಿರುಗಿಸಿ ಮಲಗಿಸಬೇಕು. ಬಾಯಿಗೆ ಚಮಚ, ಬಟ್ಟೆ, ನೀರು ಏನೂ ಬೇಡ. ಕೈಕಾಲು ಅದುಮಿ ಹಿಡಿಯುವುದೂ ಬೇಡ. ಗಡಿಯಾರ ನೋಡಬೇಕು, ಐದು ನಿಮಿಷ ದಾಟಿದರೆ ಆಂಬುಲೆನ್ಸ್. ಬಸಿರಿನಲ್ಲಿ ದೊಡ್ಡ ಫಿಟ್ಸ್ ಐದು ನಿಮಿಷದೊಳಗೆ ನಿಂತರೂ ಆ ದಿನವೇ ಮಗುವಿನ ಎದೆಬಡಿತ ನೋಡಿಸಬೇಕು.

ಹೆರಿಗೆ? ಫಿಟ್ಸ್ ಇದೆ ಎನ್ನುವ ಒಂದೇ ಕಾರಣಕ್ಕೆ ಸಿಸೇರಿಯನ್ ಬೇಡ. ಬಹುತೇಕರಿಗೆ ಸಹಜ ಹೆರಿಗೆಯೇ ಆಗುತ್ತದೆ. ಆಸ್ಪತ್ರೆಯಲ್ಲೇ ಆಗಬೇಕು, ಇದರಲ್ಲಿ ರಾಜಿ ಇಲ್ಲ. ಹೆರಿಗೆಯ ಹೊತ್ತಿಗೆ ನಿದ್ದೆ ಇಲ್ಲ, ನೋವು, ಸುಸ್ತು, ಗಡಿಬಿಡಿಯಲ್ಲಿ ಮಾತ್ರೆ ಮರೆತುಹೋಗುತ್ತದೆ. ಆ ಒಂದೆರಡು ದಿನ ಫಿಟ್ಸ್ ಬರುವ ಸಾಧ್ಯತೆ ಸ್ವಲ್ಪ ಜಾಸ್ತಿ. ಬ್ಯಾಗಿನಲ್ಲಿ ನಿಮ್ಮದೇ ಮಾತ್ರೆಯ ಸ್ಟ್ರಿಪ್ ಇಟ್ಟುಕೊಳ್ಳಿ, ನೋವು ಶುರುವಾದರೂ ಹೊತ್ತಿಗೆ ಸರಿಯಾಗಿ ನುಂಗಿ. ನೋವು ಕಡಿಮೆ ಮಾಡಲು ಬೆನ್ನಿಗೆ ಕೊಡುವ ಎಪಿಡ್ಯೂರಲ್ ತೆಗೆದುಕೊಳ್ಳಬಹುದು. ಪೆಥಿಡಿನ್ ಎನ್ನುವ ನೋವಿನ ಇಂಜೆಕ್ಷನ್ ಬೇಡ ಎಂದು ಮೊದಲೇ ಹೇಳಿಡಿ, ಅದು ಫಿಟ್ಸ್ ಕೆರಳಿಸಬಹುದು. ಹುಟ್ಟಿದ ಮಗುವಿಗೆ ವಿಟಮಿನ್ ಕೆ ಇಂಜೆಕ್ಷನ್ ಕೊಡಿಸಬೇಕು. ಅದು ಎಲ್ಲ ಮಕ್ಕಳಿಗೂ ಕೊಡುವಂಥದ್ದೇ. ಫೆನಿಟಾಯಿನ್, ಕಾರ್ಬಮಜೆಪೈನ್ ತೆಗೆದುಕೊಂಡ ತಾಯಂದಿರ ಮಕ್ಕಳಿಗಂತೂ ತಪ್ಪಿಸಲೇಬಾರದು.

ಹೆರಿಗೆ ಆದ ಮೇಲೆ ಎಲ್ಲರ ಗಮನ ಮಗುವಿನ ಮೇಲೆ ಹೋಗುತ್ತದೆ. ನಾನು ಹೆಚ್ಚು ಎಚ್ಚರವಾಗಿರುವುದು ಆಗಲೇ. ಬಸಿರಿನಲ್ಲಿ ಏರಿಸಿದ್ದ ಡೋಸ್ ಈಗ ಇಳಿಸಬೇಕು. ಈಸ್ಟ್ರೊಜೆನ್ ದಿಢೀರನೆ ಬೀಳುತ್ತದೆ, ಲಿವರ್ ಹಳೇ ವೇಗಕ್ಕೆ ಮರಳುತ್ತದೆ, ಎರಡು ಮೂರು ವಾರದಲ್ಲಿ ರಕ್ತದಲ್ಲಿ ಮದ್ದು ತುಂಬಿ ತುಳುಕುತ್ತದೆ. ಒಬ್ಬ ಬಾಣಂತಿಯನ್ನು ಹತ್ತನೇ ದಿನ ನನ್ನ ಬಳಿ ಕರೆತಂದರು. ಗೋಡೆ ಹಿಡಿದುಕೊಂಡು ಒಳಗೆ ಬಂದರು. ಎದುರು ಕೂತವರು ಎರಡೆರಡಾಗಿ ಕಾಣುತ್ತಾರೆ ಅಂದರು. ಮನೆಯವರು ಬಾಣಂತಿ ನಿಶ್ಶಕ್ತಿ ಅಂದುಕೊಂಡಿದ್ದರು. ಮಗು ಎತ್ತಿಕೊಂಡಾಗ ಒಮ್ಮೆ ವಾಲಿದ್ದರಂತೆ, ಆಗ ಹೆದರಿದ್ದಾರೆ. ಫೈಲ್ ತೆರೆದು ನೋಡಿದರೆ ಒಂಬತ್ತನೇ ತಿಂಗಳ ಡೋಸ್ ಹಾಗೇ ನಡೆಯುತ್ತಿತ್ತು. ಹೆರಿಗೆ ಆದ ಆಸ್ಪತ್ರೆಯಲ್ಲಿ ಯಾರೂ ಇಳಿಸಿರಲಿಲ್ಲ, ನಾನೂ ಮೊದಲೇ ಬರೆದು ಕೊಟ್ಟಿರಲಿಲ್ಲ. ಡೋಸ್ ಇಳಿಸಿದ ಕೆಲವೇ ದಿನಕ್ಕೆ ನೆಟ್ಟಗೆ ನಡೆದರು. ಈಗ ನಾನು ಏಳನೇ ತಿಂಗಳಲ್ಲೇ ಒಂದು ಚೀಟಿ ಬರೆದು ಫೈಲಿಗೆ ಅಂಟಿಸುತ್ತೇನೆ: ಹೆರಿಗೆಯಾದ ಎಷ್ಟನೇ ದಿನ ಎಷ್ಟು ಇಳಿಸಬೇಕು ಅಂತ. ನೀವೂ ನಿಮ್ಮ ಡಾಕ್ಟರನ್ನು ಕೇಳಿ ಅಂಥದ್ದೊಂದು ಬರೆಸಿಕೊಳ್ಳಿ. ಹಾಗಂತ ಹಳೇ 200ಕ್ಕಿಂತ ಕೆಳಗೂ ಹೋಗುವುದಿಲ್ಲ. ನಿದ್ದೆಗೆಡುವ ದಿನಗಳಾದ್ದರಿಂದ ಕೆಲವರಿಗೆ ಸ್ವಲ್ಪ ಜಾಸ್ತಿಯೇ ಉಳಿಸುತ್ತೇವೆ. ಮುಂದೆ ಗರ್ಭನಿರೋಧಕ ಮಾತ್ರೆ ಬೇಕಾದರೂ ಕೇಳಿಯೇ ಶುರು ಮಾಡಿ. ಈಸ್ಟ್ರೊಜೆನ್ ಇರುವ ಮಾತ್ರೆ ಲ್ಯಾಮೊಟ್ರಿಜಿನ್ ಮಟ್ಟವನ್ನು ಮತ್ತೆ ಇಳಿಸುತ್ತದೆ.

ಎದೆಹಾಲು ಕೊಡಿ, ಧಾರಾಳವಾಗಿ ಕೊಡಿ. ಲ್ಯಾಮೊಟ್ರಿಜಿನ್ ಹಾಲಿಗೆ ಹೋಗುತ್ತದೆ, ನಿಜ. ಆದರೆ ಮಗು ಒಂಬತ್ತು ತಿಂಗಳು ಹೊಟ್ಟೆಯಲ್ಲಿ ಅದರ ಜೊತೆಗೇ ಬೆಳೆದಿದೆ, ಹಾಲಿನಲ್ಲಿ ಸಿಗುವುದು ಅದಕ್ಕಿಂತ ಕಡಿಮೆ. ಮಾತ್ರೆ ತೆಗೆದುಕೊಳ್ಳುತ್ತಲೇ ಹಾಲೂಡಿಸಿದ ತಾಯಂದಿರ ಮಕ್ಕಳನ್ನು ಆರು ವರ್ಷದವರೆಗೆ ಗಮನಿಸಿದ್ದಾರೆ, ಬುದ್ಧಿ ಬೆಳವಣಿಗೆಯಲ್ಲಿ ಹಿಂದೆ ಬಿದ್ದಿಲ್ಲ. ಮಗು ತೀರಾ ಮಂಪರಿನಲ್ಲಿದ್ದರೆ, ಹಾಲು ಚೀಪದಿದ್ದರೆ, ಮೈಮೇಲೆ ಗುಳ್ಳೆ ಎದ್ದರೆ ತೋರಿಸಿ. ಫೀನೋಬಾರ್ಬಿಟೋನ್, ಕ್ಲೋನಾಜೆಪಾಮ್ ತೆಗೆದುಕೊಳ್ಳುವ ತಾಯಂದಿರು ಮಗುವಿನ ಮಂಪರನ್ನು ಹೆಚ್ಚು ಗಮನಿಸಬೇಕು.

ಕಾಯಿಲೆ ಮಗುವಿಗೆ ಬರುತ್ತಾ ಎನ್ನುವ ಪ್ರಶ್ನೆಗೆ ಚಿಕ್ಕ ಉತ್ತರ: ಬಹುಶಃ ಇಲ್ಲ. ಫಿಟ್ಸ್ ಇರುವ ತಾಯಿಯ ಮಕ್ಕಳಲ್ಲಿ ಸಾಧ್ಯತೆ ಉಳಿದವರಿಗಿಂತ ಸ್ವಲ್ಪ ಜಾಸ್ತಿ. ಆದರೂ 100ರಲ್ಲಿ 90ಕ್ಕೂ ಹೆಚ್ಚು ಮಕ್ಕಳಿಗೆ ಬರುವುದಿಲ್ಲ. ಕೆಲವು ಅಪರೂಪದ ವಂಶವಾಹಿ ಕಾಯಿಲೆಗಳ ಲೆಕ್ಕ ಬೇರೆ. ನಿಮ್ಮ ಮನೆತನದಲ್ಲಿ ಇನ್ನೂ ಯಾರಿಗಾದರೂ ಇದ್ದರೆ ಡಾಕ್ಟರಿಗೆ ಹೇಳಿ.

ಮಗು ಮನೆಗೆ ಬಂದ ಮೇಲೆ ನೆಲದ ಮೇಲೆ ಚಾಪೆ ಅಥವಾ ಹಾಸಿಗೆ ಹಾಸಿ, ಅಲ್ಲೇ ಕೂತು ಹಾಲೂಡಿಸಿ, ಅಲ್ಲೇ ಬಟ್ಟೆ ಬದಲಾಯಿಸಿ. ಎತ್ತರದ ಮಂಚ, ಮೇಜು ಬೇಡ. ಒಬ್ಬರೇ ಇರುವಾಗ ಮಗುವಿಗೆ ಸ್ನಾನ ಮಾಡಿಸಬೇಡಿ. ಮೆಟ್ಟಿಲ ಮೇಲೆ ಮಗುವನ್ನು ಬೇರೆಯವರು ಎತ್ತಿಕೊಳ್ಳಲಿ. ಇವೆಲ್ಲಕ್ಕಿಂತ ಮುಖ್ಯ ನಿಮ್ಮ ನಿದ್ದೆ. ರಾತ್ರಿ ಮೂರು ಸಲ ಎದ್ದು, ನಾಲ್ಕು ದಿನ ಹಾಗೇ ನಡೆದರೆ ಸರಿಯಾದ ಡೋಸಿನಲ್ಲಿದ್ದರೂ ಫಿಟ್ಸ್ ಬರಬಹುದು. ರಾತ್ರಿ ಕನಿಷ್ಠ ನಾಲ್ಕೈದು ಗಂಟೆ ಒಂದೇ ಸಮನೆ ನಿದ್ದೆ ಸಿಗಬೇಕು. ಅದಕ್ಕೆ ಸಂಜೆಯೇ ಹಾಲು ಹಿಂಡಿ ಇಟ್ಟುಬಿಡಿ, ಮಧ್ಯರಾತ್ರಿಯ ಒಂದು ಸರದಿಯನ್ನು ಇನ್ನೊಬ್ಬರು ನೋಡಿಕೊಳ್ಳಲಿ.

ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಅಂಗ ಊನದ ಪ್ರಶ್ನೆಯನ್ನು ಅವರೇ ಕೇಳಲಿ, ಉತ್ತರವನ್ನು ಡಾಕ್ಟರ ಬಾಯಿಂದಲೇ ಕೇಳಲಿ. ದಿನವೂ ಬಿಡದೆ ಹೇಳುತ್ತಿದ್ದಾರೆ ಅಂದರೆ ಅವರಿಗೆ ಮಗುವಿನ ಮೇಲೆ ಅಷ್ಟು ಕಾಳಜಿ ಇದೆ ಅಂತ ಅರ್ಥ. ಮಧ್ಯರಾತ್ರಿಯ ಆ ಸರದಿಗೆ ಅವರನ್ನೇ ಕೇಳಿ ನೋಡಿ.